ಯಂತ್ರಬುದ್ಧಿಯೂ ರೋಗಿಯ ಹಿತವೂ

ನಾಡಿಯನ್ನು ಹಿಡಿದು, ನಾಲಗೆಯನ್ನು ನೋಡಿ, ಎದೆಗೆ ಕಿವಿಯಿಟ್ಟು ವೈದ್ಯನು ರೋಗವನ್ನು ತಿಳಿಯುತ್ತಿದ್ದ ಕಾಲವೊಂದಿತ್ತು. ಆಮೇಲೆ ಸ್ಟೆತಾಸ್ಕೋಪು ಬಂದಿತು, ಉಷ್ಣಮಾಪಕ ಬಂದಿತು, ಎಕ್ಸ್‌ರೇ ಬಂದಿತು. ಇವೆಲ್ಲ ವೈದ್ಯನ ಕಣ್ಣುಕಿವಿಗಳನ್ನು ಚುರುಕುಗೊಳಿಸಿದುವು. ತೀರ್ಮಾನವನ್ನು ಮಾತ್ರ ಅವನಿಗೇ ಬಿಟ್ಟವು. ಈಚಿನ ವರ್ಷಗಳಲ್ಲಿ ಬಳಕೆಗೆ ಬಂದಿರುವ ಹೊಸ ಸಾಧನವಾದರೋ ಬೇರೆಯ ಬಗೆಯದು. ಅದು ಕಣ್ಣಿನ ಒಳಗಿನ ಚಿತ್ರವನ್ನು ಕಂಡು “ಇಲ್ಲಿ ರೋಗವುಂಟು” ಎನ್ನುತ್ತದೆ. ಆಸ್ಪತ್ರೆಯ ದಾಖಲೆಗಳನ್ನು ಕಂಡು “ಈ ರೋಗಿಗೆ ಅಪಾಯ ಹೆಚ್ಚು, ಆ ರೋಗಿಗೆ ಕಡಮೆ” ಎಂದು ವಿಂಗಡಿಸುತ್ತದೆ. ಎಂದರೆ, ತೀರ್ಮಾನದ ಒಂದು ಪಾಲನ್ನು ತಾನೇ ವಹಿಸಿಕೊಳ್ಳುತ್ತದೆ. ಇದಕ್ಕೆ ಕೃತಕ ಬುದ್ಧಿಮತ್ತೆ ಎಂದು ಹೆಸರು. ಆರೋಗ್ಯದ ಸಂಶೋಧನೆಯಲ್ಲಿ ಇದನ್ನು ಉಪಯೋಗಿಸುವಾಗ ಪಾಲಿಸಬೇಕಾದ ನೀತಿ ಯಾವುದು ಎಂಬುದು ಈ ಲೇಖನದ ವಿಷಯ.

ನೀತಿಯ ಮಾತು ಬಂದೊಡನೆ, ಇದು ತತ್ತ್ವಜ್ಞಾನಿಗಳಿಗೋ ನ್ಯಾಯಾಧೀಶರಿಗೋ ಸೇರಿದ ವಿಷಯ, ವಿಜ್ಞಾನದ ವಿದ್ಯಾರ್ಥಿಗಳಿಗೆ ಇಲ್ಲಿ ಕೆಲಸವಿಲ್ಲ ಎಂದು ಕೆಲವರಿಗೆ ತೋರಬಹುದು. ಆದರೆ ಸ್ವಲ್ಪ ಪರಿಶೀಲಿಸಿ ನೋಡಿದರೆ, ಇಲ್ಲಿ ಏಳುವ ನೀತಿಯ ಪ್ರಶ್ನೆಗಳಲ್ಲಿ ಬಹುಪಾಲು ಅಳತೆಯ ಪ್ರಶ್ನೆಗಳೇ ಎಂಬುದು ಗೊತ್ತಾಗುತ್ತದೆ. ಯಾರನ್ನು ಅಳೆದೆವು, ಯಾವುದನ್ನು ಅಳೆದೆವು, ಯಾವ ಉಪಕರಣದಿಂದ ಅಳೆದೆವು, ಅಳೆಯಲು ನಮಗೆ ಅಧಿಕಾರವಿತ್ತೆ? ಇವನ್ನು ಕೇಳಲು ಪ್ರಯೋಗಶಾಲೆಯ ಶಿಸ್ತನ್ನು ಬಲ್ಲವರೇ ಯೋಗ್ಯರು.

ಯಂತ್ರ ಕಲಿಯುವುದು ಎಂದರೇನು?

ಪ್ರೌಢಶಾಲೆಯ ವಿದ್ಯಾರ್ಥಿಗಳೂ ಮಾಡುವ ಒಂದು ಪ್ರಯೋಗವನ್ನು ತೆಗೆದುಕೊಳ್ಳೋಣ. ಒಂದು ತಂತಿಯ ಎರಡು ತುದಿಗಳ ನಡುವಣ ವಿಭವಾಂತರವನ್ನು ಬದಲಿಸುತ್ತ ಪ್ರತಿಸಲವೂ ಅದರಲ್ಲಿ ಹರಿಯುವ ವಿದ್ಯುತ್ತನ್ನು ಅಳೆಯುತ್ತೇವೆ. ನಕ್ಷೆಯ ಹಾಳೆಯ ಮೇಲೆ ಚುಕ್ಕೆಗಳನ್ನಿಟ್ಟು, ಎಲ್ಲ ಚುಕ್ಕೆಗಳಿಗೂ ಆದಷ್ಟು ಸಮೀಪವಾಗಿ ಹೋಗುವಂತೆ ಒಂದು ಸರಳರೇಖೆಯನ್ನು ಎಳೆಯುತ್ತೇವೆ. ರೇಖೆ ಸಿಕ್ಕಿದ ಮೇಲೆ, ನಾವು ಅಳೆಯದೆ ಬಿಟ್ಟ ವಿಭವಾಂತರಕ್ಕೂ ವಿದ್ಯುತ್ತು ಎಷ್ಟೆಂದು ಹೇಳಬಲ್ಲೆವು. ಇಲ್ಲಿ ನಾವು ಹೊಂದಿಸಿಕೊಂಡದ್ದು ಎರಡೇ ಸಂಖ್ಯೆಗಳನ್ನು: ರೇಖೆಯ ಇಳಿಜಾರು ಒಂದು, ಅದು ಅಕ್ಷವನ್ನು ಕಡಿಯುವ ಸ್ಥಾನ ಇನ್ನೊಂದು.

ಯಂತ್ರದ ಕಲಿಕೆಯೂ ತತ್ತ್ವದಲ್ಲಿ ಇದೇ. ವ್ಯತ್ಯಾಸವೆಂದರೆ, ಅಲ್ಲಿ ಎರಡು ಸಂಖ್ಯೆಗಳ ಬದಲು ಲಕ್ಷಾಂತರ, ಕೆಲವೊಮ್ಮೆ ಕೋಟ್ಯಂತರ ಸಂಖ್ಯೆಗಳನ್ನು ಹೊಂದಿಸಬೇಕಾಗುತ್ತದೆ. ಚುಕ್ಕೆಗಳ ಬದಲು ಚಿತ್ರಗಳೋ ರೋಗಿಗಳ ದಾಖಲೆಗಳೋ ಇರುತ್ತವೆ. ೨೦೧೬ರಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರು ಪ್ರಕಟಿಸಿದ ಒಂದು ಪ್ರಸಿದ್ಧವಾದ ಕೆಲಸ ಇದಕ್ಕೆ ಒಳ್ಳೆಯ ದೃಷ್ಟಾಂತ. ಮಧುಮೇಹವಿರುವವರ ಕಣ್ಣಿನ ಅಕ್ಷಿಪಟಲ ಕ್ರಮೇಣ ಕೆಡುವುದುಂಟು. ಸಕಾಲದಲ್ಲಿ ಕಂಡುಹಿಡಿಯದಿದ್ದರೆ ದೃಷ್ಟಿಯೇ ಹೋಗಬಹುದು. ಅಕ್ಷಿಪಟಲದ ೧,೨೮,೧೭೫ ಚಿತ್ರಗಳನ್ನು ಸಂಶೋಧಕರು ಯಂತ್ರಕ್ಕೆ ಪಾಠವಾಗಿ ಕೊಟ್ಟರು. ೫೪ ಮಂದಿ ಕಣ್ಣಿನ ವೈದ್ಯರು ಈ ಚಿತ್ರಗಳನ್ನು ನೋಡಿ ರೋಗದ ಮಟ್ಟವನ್ನು ಗುರುತಿಸಿದ್ದರು. ಒಂದೊಂದು ಚಿತ್ರವನ್ನೂ ಮೂರರಿಂದ ಏಳು ಸಲ ಪರೀಕ್ಷಿಸಲಾಗಿತ್ತು. ಈ ಚಿತ್ರಗಳಲ್ಲಿ ಕೆಲವು ಅಮೆರಿಕದವು. ಕೆಲವು ಭಾರತದ ಮೂರು ಕಣ್ಣಾಸ್ಪತ್ರೆಗಳವು. ಆ ಮೂರರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯವೂ ಒಂದು. ಹೀಗೆ ಕಲಿತ ಯಂತ್ರ, ತಾನು ಮೊದಲು ಕಂಡಿರದ ಚಿತ್ರಗಳಲ್ಲಿಯೂ ರೋಗವಿರುವ ನೂರರಲ್ಲಿ ತೊಂಬತ್ತಾರಕ್ಕೂ ಹೆಚ್ಚನ್ನು ಗುರುತಿಸಬಲ್ಲುದಾಯಿತು.

ಇದು ಸಣ್ಣ ಸಾಧನೆಯಲ್ಲ. ಆದರೆ ಇಲ್ಲಿ ಒಂದು ವಿಷಯವನ್ನು ಮನಸ್ಸಿನಲ್ಲಿಡಬೇಕು. ತಂತಿಯ ಪ್ರಯೋಗದಲ್ಲಿ ಎಳೆದ ರೇಖೆಗೆ ವಿದ್ಯುತ್ತು ಎಂದರೇನೆಂದು ಗೊತ್ತಿಲ್ಲ. ಅದು ಬಲ್ಲದ್ದು ಚುಕ್ಕೆಗಳನ್ನು ಮಾತ್ರ. ಹಾಗೆಯೇ ಯಂತ್ರವೂ ರೋಗಿಯನ್ನು ಅರಿಯದು. ರೋಗಿಯ ಬದಲಿಗೆ ನಾವು ಬರೆದಿಟ್ಟದ್ದನ್ನು ಮಾತ್ರ ಅರಿಯುತ್ತದೆ. ಬರೆದಿಟ್ಟದ್ದರಲ್ಲಿ ದೋಷವಿದ್ದರೆ ಯಂತ್ರ ಆ ದೋಷವನ್ನೂ ಶ್ರದ್ಧೆಯಿಂದ ಕಲಿಯುತ್ತದೆ.

ಶೂನ್ಯದೋಷ

“ಒಂದೆರಡು ದಾಖಲೆಗಳಲ್ಲಿ ತಪ್ಪಿದ್ದರೇನು? ಲಕ್ಷಗಟ್ಟಲೆ ದಾಖಲೆಗಳನ್ನು ಕೊಟ್ಟರೆ ತಪ್ಪುಗಳು ತಾವಾಗಿ ಕರಗಿಹೋಗುವುದಿಲ್ಲವೆ?” ಎಂದು ಕೇಳಬಹುದು. ಕೆಲವು ತಪ್ಪುಗಳು ಕರಗುತ್ತವೆ, ಕೆಲವು ಕರಗುವುದಿಲ್ಲ. ಈ ಭೇದವನ್ನು ಸ್ಕ್ರೂಗೇಜು ನಮಗೆ ಚೆನ್ನಾಗಿ ಕಲಿಸುತ್ತದೆ.

ಒಂದು ತಂತಿಯ ವ್ಯಾಸವನ್ನು ಸ್ಕ್ರೂಗೇಜಿನಿಂದ ಅಳೆಯುತ್ತೇವೆಂದಿಟ್ಟುಕೊಳ್ಳೋಣ. ಕೈ ಅಲುಗಿದ್ದರಿಂದಲೋ ತಿರುಪನ್ನು ಒಮ್ಮೆ ಬಿಗಿಯಾಗಿ ಒಮ್ಮೆ ಸಡಿಲವಾಗಿ ತಿರುಗಿಸಿದ್ದರಿಂದಲೋ ಪ್ರತಿ ಅಳತೆಯಲ್ಲಿಯೂ ೦.೦೧ ಮಿಲಿಮೀಟರಿನಷ್ಟು ಹೆಚ್ಚುಕಡಮೆ ಬರಬಹುದು. ಇದು ಆಕಸ್ಮಿಕ ದೋಷ. ನೂರು ಸಲ ಅಳೆದು ಸರಾಸರಿ ತೆಗೆದರೆ ಇದು ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಹತ್ತು ಸಾವಿರ ಸಲ ಅಳೆದರೆ ನೂರನೆಯ ಒಂದು ಪಾಲಿಗೆ ಇಳಿಯುತ್ತದೆ. ಆದರೆ ಆ ಸ್ಕ್ರೂಗೇಜಿನ ದವಡೆಗಳು ಒಂದನ್ನೊಂದು ಮುಟ್ಟಿದಾಗ ಅದು ಸೊನ್ನೆಯ ಬದಲು ೦.೦೩ ಮಿಲಿಮೀಟರನ್ನು ತೋರಿಸುತ್ತಿದ್ದರೆ? ಇದು ಶೂನ್ಯದೋಷ. ನೂರು ಸಲ ಅಳೆಯಿರಿ, ಕೋಟಿ ಸಲ ಅಳೆಯಿರಿ, ಈ ೦.೦೩ ಒಂದಿಷ್ಟೂ ಕಡಮೆಯಾಗದು. ಅಷ್ಟೇ ಅಲ್ಲ, ಅಳತೆಗಳು ಹೆಚ್ಚಿದಷ್ಟೂ ಉತ್ತರ ಒಂದೇ ಕಡೆ ನೆಲೆನಿಲ್ಲುವುದರಿಂದ, ನಮ್ಮ ಉತ್ತರ ಸರಿಯೆಂಬ ನಂಬಿಕೆಯೂ ಬಲವಾಗುತ್ತ ಹೋಗುತ್ತದೆ. ತಪ್ಪು ಉತ್ತರದಲ್ಲಿ ಗಟ್ಟಿಯಾದ ನಂಬಿಕೆ; ಶೂನ್ಯದೋಷದ ಅಪಾಯ ಇದೇ.

ಯಂತ್ರಕ್ಕೆ ಕೊಡುವ ದಾಖಲೆಗಳಲ್ಲಿಯೂ ಈ ಎರಡು ಬಗೆಯ ದೋಷಗಳುಂಟು. ಗುಮಾಸ್ತನ ಕೈತಪ್ಪಿನಿಂದ ಒಬ್ಬರ ವಯಸ್ಸು ತಪ್ಪಾಗಿ ದಾಖಲಾದರೆ ಅದು ಆಕಸ್ಮಿಕ. ಲಕ್ಷ ದಾಖಲೆಗಳ ನಡುವೆ ಅದು ಮುಳುಗಿಹೋಗುತ್ತದೆ. ಒಂದು ಇಡೀ ವರ್ಗದ ಜನರನ್ನು ಯಾವಾಗಲೂ ಒಂದೇ ದಿಕ್ಕಿನಲ್ಲಿ ತಪ್ಪಾಗಿ ಅಳೆದಿದ್ದರೆ ಅದು ಶೂನ್ಯದೋಷ. ದಾಖಲೆಗಳನ್ನು ಹೆಚ್ಚಿಸಿ ಅದನ್ನು ಕಳೆಯಲಾಗದು. ಹೀಗೆ ಆದದ್ದುಂಟೆ ಎಂದರೆ, ಉಂಟು. ಮೂರು ನಿದರ್ಶನಗಳನ್ನು ನೋಡೋಣ.

ಉಬ್ಬಸವಿದ್ದರೆ ಕ್ಷೇಮವೆ?

ಮೊದಲನೆಯದು ಅಮೆರಿಕದಲ್ಲಿ ೧೯೯೦ರ ದಶಕದ ನಡುವಿನಲ್ಲಿ ನಡೆದದ್ದು. ನ್ಯುಮೋನಿಯಾ ಬಂದವರಲ್ಲಿ ಕೆಲವರಿಗೆ ಮನೆಯಲ್ಲಿಯೇ ಔಷಧ ಕೊಟ್ಟರೆ ಸಾಕು. ಕೆಲವರನ್ನು ಆಸ್ಪತ್ರೆಗೆ ಸೇರಿಸದಿದ್ದರೆ ಪ್ರಾಣಾಪಾಯ. ಯಾರು ಯಾವ ಗುಂಪಿಗೆ ಸೇರಿದವರೆಂದು ಯಂತ್ರದಿಂದ ತಿಳಿಯಬಹುದೆ ಎಂದು ಸಂಶೋಧಕರು ಪ್ರಯತ್ನಿಸಿದರು. ಸುಮಾರು ೧೪,೦೦೦ ರೋಗಿಗಳ ದಾಖಲೆಗಳಿಂದ ಹಲವು ವಿಧಾನಗಳಲ್ಲಿ ಯಂತ್ರಗಳಿಗೆ ಪಾಠವಾಯಿತು. ಅವುಗಳಲ್ಲಿ ಒಂದು ವಿಧಾನ, ತಾನು ಕಲಿತದ್ದನ್ನು ನಾವು ಓದಬಹುದಾದ ನಿಯಮಗಳ ರೂಪದಲ್ಲಿ ಕೊಡುತ್ತಿತ್ತು. ಆ ನಿಯಮಗಳಲ್ಲಿ ಒಂದು ಹೀಗಿತ್ತು: ನ್ಯುಮೋನಿಯಾ ಬಂದ ರೋಗಿಗೆ ಮೊದಲೇ ಉಬ್ಬಸದ ಕಾಯಿಲೆಯೂ ಇದ್ದರೆ ಸಾಯುವ ಸಂಭವ ಕಡಮೆ.

ಇದು ವೈದ್ಯಶಾಸ್ತ್ರಕ್ಕೆ ತೀರ ವಿರುದ್ಧ. ಆದರೂ ದಾಖಲೆಗಳು ಸುಳ್ಳಾಡುತ್ತಿರಲಿಲ್ಲ. ಉಬ್ಬಸವಿರುವವರಿಗೆ ನ್ಯುಮೋನಿಯಾ ಬಂದರೆ ಅಪಾಯವೆಂದು ವೈದ್ಯರು ಬಲ್ಲರು. ಆದುದರಿಂದ ಅಂಥವರನ್ನು ನೇರವಾಗಿ ತೀವ್ರ ನಿಗಾ ಘಟಕಕ್ಕೆ ಸೇರಿಸುತ್ತಿದ್ದರು. ಆ ವಿಶೇಷ ಆರೈಕೆಯ ಫಲವಾಗಿಯೇ ಅವರಲ್ಲಿ ಹೆಚ್ಚು ಮಂದಿ ಬದುಕುತ್ತಿದ್ದರು. ಆರೈಕೆಯ ಫಲವನ್ನು ಯಂತ್ರ ಉಬ್ಬಸದ ಫಲವೆಂದು ತಿಳಿಯಿತು. ಈ ಪಾಠವನ್ನು ನಂಬಿ ಉಬ್ಬಸದ ರೋಗಿಗಳನ್ನು ಮನೆಗೆ ಕಳುಹಿಸಿದ್ದರೆ, ಅವರ ಪ್ರಾಣವನ್ನು ಉಳಿಸುತ್ತಿದ್ದ ಆರೈಕೆಯೇ ತಪ್ಪಿಹೋಗುತ್ತಿತ್ತು.

ಇಲ್ಲಿ ಗಮನಿಸಬೇಕಾದ ಅಂಶ ಇನ್ನೊಂದಿದೆ. ಪ್ರಯತ್ನಿಸಿದ ವಿಧಾನಗಳಲ್ಲಿ ಅತ್ಯಂತ ನಿಖರವಾಗಿದ್ದದ್ದು ನರಜಾಲ ಎಂಬ ಬೇರೊಂದು ವಿಧಾನ. ಆದರೆ ಅದು ಏನು ಕಲಿತಿದೆಯೆಂಬುದನ್ನು ಬಿಡಿಸಿ ನೋಡುವಂತಿರಲಿಲ್ಲ. ಉಬ್ಬಸದ ತಪ್ಪು ಕಣ್ಣಿಗೆ ಬಿದ್ದದ್ದು, ಅಷ್ಟು ನಿಖರವಲ್ಲದ, ಆದರೆ ಓದಲು ಬರುವ ನಿಯಮಗಳಿಂದ. ಅದೇ ದಾಖಲೆಗಳಿಂದ ಕಲಿತ ನರಜಾಲದೊಳಗೆ ಇದೂ, ಇದರಂಥ ಇನ್ನೂ ಎಷ್ಟೋ ತಪ್ಪುಗಳೂ ಅಡಗಿರಬಹುದೆಂದು ಸಂಶೋಧಕರು ಅದನ್ನು ರೋಗಿಗಳ ಮೇಲೆ ಉಪಯೋಗಿಸದೆ ಬಿಟ್ಟರು. ಆ ಕೆಲಸದಲ್ಲಿ ಭಾಗಿಯಾಗಿದ್ದ ರಿಚ್ ಕಾರುವಾನಾ ಅವರು ೨೦೧೫ರಲ್ಲಿ ತಮ್ಮ ಸಂಗಡಿಗರೊಂದಿಗೆ ಈ ವೃತ್ತಾಂತವನ್ನು ಪ್ರಬಂಧವೊಂದರಲ್ಲಿ ವಿವರಿಸಿ, ನಿಖರವೂ ಆಗಿ ಓದಲೂ ಬರುವ ವಿಧಾನಗಳನ್ನು ಮುಂದಿಟ್ಟರು. ಹೆಚ್ಚು ಅಂಕ ಪಡೆದ ಸಾಧನವನ್ನು ಕೈಬಿಡಲು ಧೈರ್ಯ ಬೇಕು. ಸಂಶೋಧಕನ ನೀತಿಯೆಂದರೆ ಇಂಥದು.

ಕಾಯಿಲೆಯೋ, ಖರ್ಚೋ?

ಎರಡನೆಯ ನಿದರ್ಶನ ೨೦೧೯ರದು. ಅಮೆರಿಕದ ಆಸ್ಪತ್ರೆಗಳಲ್ಲಿ ದೀರ್ಘಕಾಲದ ಕಾಯಿಲೆಗಳಿಂದ ನರಳುವವರಿಗಾಗಿ ವಿಶೇಷ ಆರೈಕೆಯ ಯೋಜನೆಗಳುಂಟು. ಯಾರನ್ನು ಅವಕ್ಕೆ ಸೇರಿಸಬೇಕೆಂದು ಆರಿಸಲು ಯಂತ್ರಗಳನ್ನು ಬಳಸುತ್ತಿದ್ದರು. ಬಹಳವಾಗಿ ಬಳಕೆಯಲ್ಲಿದ್ದ ಇಂಥ ಒಂದು ಸಾಧನವನ್ನು ಜಿಯಾದ್ ಓಬರ್‌ಮೇಯರ್ ಮತ್ತು ಅವರ ಸಂಗಡಿಗರು ಪರೀಕ್ಷಿಸಿದರು. ಯಂತ್ರವು ಒಂದೇ ಅಂಕವನ್ನು ಕೊಟ್ಟ ಇಬ್ಬರಲ್ಲಿ ಕಪ್ಪು ಜನಾಂಗದ ರೋಗಿ ಬಿಳಿಯ ರೋಗಿಗಿಂತ ಹೆಚ್ಚು ಕಾಯಿಲೆಯಾಗಿರುವುದು ಕಂಡುಬಂದಿತು. ಆಶ್ಚರ್ಯವೆಂದರೆ, ರೋಗಿಯ ಜನಾಂಗ ಯಾವುದೆಂಬುದನ್ನು ಯಂತ್ರಕ್ಕೆ ತಿಳಿಸಿಯೇ ಇರಲಿಲ್ಲ.

ಕಾರಣವೇನು? ಕಾಯಿಲೆಯ ತೀವ್ರತೆಯನ್ನು ನೇರವಾಗಿ ಅಳೆಯುವುದು ಕಷ್ಟ. ಚಿಕಿತ್ಸೆಗೆ ಆದ ಖರ್ಚನ್ನು ಅಳೆಯುವುದು ಸುಲಭ. ಲೆಕ್ಕದ ಪುಸ್ತಕದಲ್ಲಿಯೇ ಅದು ಸಿಗುತ್ತದೆ. ಆದುದರಿಂದ ಕಾಯಿಲೆಯ ಬದಲು ಖರ್ಚನ್ನು ಊಹಿಸುವಂತೆ ಯಂತ್ರಕ್ಕೆ ಕಲಿಸಿದ್ದರು. ಹೆಚ್ಚು ಕಾಯಿಲೆಯಿದ್ದವನಿಗೆ ಹೆಚ್ಚು ಖರ್ಚಾಗುತ್ತದೆಂಬುದು ಅವರ ಭಾವನೆ. ಆದರೆ ಬಡತನದಿಂದಲೂ ಆಸ್ಪತ್ರೆಗೆ ಹೋಗಲು ಇರುವ ಅಡಚಣೆಗಳಿಂದಲೂ ಹಿಂದಿನ ಕಹಿ ಅನುಭವಗಳು ಹುಟ್ಟಿಸಿದ ಅಪನಂಬಿಕೆಯಿಂದಲೂ ಕಪ್ಪು ಜನಾಂಗದವರಿಗೆ ಅಷ್ಟೇ ಕಾಯಿಲೆಗೆ ಕಡಮೆ ಚಿಕಿತ್ಸೆ ಸಿಗುತ್ತಿತ್ತು. ಆದುದರಿಂದ ಕಡಮೆ ಖರ್ಚಾಗುತ್ತಿತ್ತು. ಚಿಕಿತ್ಸೆ ಸಿಗದವನನ್ನು ಯಂತ್ರ ಆರೋಗ್ಯವಂತನೆಂದು ಎಣಿಸಿತು! ಈ ದೋಷವನ್ನು ತೆಗೆದರೆ ವಿಶೇಷ ಆರೈಕೆಗೆ ಆಯ್ಕೆಯಾಗುವವರಲ್ಲಿ ಕಪ್ಪು ಜನಾಂಗದವರ ಪಾಲು ನೂರಕ್ಕೆ ೧೭.೭ರಿಂದ ೪೬.೫ಕ್ಕೆ ಏರುತ್ತದೆಂದು ಸಂಶೋಧಕರು ಲೆಕ್ಕಹಾಕಿದರು. ಖರ್ಚಿನ ಬದಲು ಆರೋಗ್ಯದ ಅಳತೆಗಳನ್ನೇ ಬಳಸಿ ಪಾಠ ಹೇಳಿದರೆ ದೋಷ ಬಹುಮಟ್ಟಿಗೆ ನೀಗುವುದೆಂದೂ ತೋರಿಸಿದರು. ಯಂತ್ರದ ಗಣಿತದಲ್ಲಿ ತಪ್ಪಿರಲಿಲ್ಲ. ನಾವು ಕೇಳಿದ ಪ್ರಶ್ನೆಗೆ ಅದು ಸರಿಯಾಗಿಯೇ ಉತ್ತರ ಕೊಟ್ಟಿತ್ತು. ಕೇಳಿದ ಪ್ರಶ್ನೆಯೇ ಬೇರೆಯಾಗಿತ್ತು.

ಬೆರಳ ತುದಿಯ ಬೆಳಕು

ಮೂರನೆಯದು ಉಪಕರಣಕ್ಕೇ ಸಂಬಂಧಿಸಿದ್ದು. ಕೊರೋನಾ ರೋಗ ಹರಡಿದ ೨೦೨೦-೨೧ರಲ್ಲಿ ನಮ್ಮ ಎಷ್ಟೋ ಮನೆಗಳಿಗೆ ಪಲ್ಸ್ ಆಕ್ಸಿಮೀಟರ್ ಎಂಬ ಪುಟ್ಟ ಉಪಕರಣ ಬಂದಿತು. ಬೆರಳಿಗೆ ಸಿಕ್ಕಿಸಿದರೆ, ರಕ್ತದಲ್ಲಿ ಆಮ್ಲಜನಕ ನೂರಕ್ಕೆ ಎಷ್ಟಿದೆ ಎಂದು ಅದು ತೋರಿಸುತ್ತದೆ. ಇದರ ಮೂಲ ತತ್ತ್ವವನ್ನು ೧೯೭೦ರ ದಶಕದಲ್ಲಿ ಕಂಡುಕೊಂಡವರು ಜಪಾನಿನ ತಾಕುವೊ ಆವೊಯಾಗಿ. ಆಮ್ಲಜನಕವನ್ನು ಹೊತ್ತ ಹಿಮೋಗ್ಲೋಬಿನ್ ಕೆಂಪು ಬೆಳಕನ್ನು ಕಡಮೆಯಾಗಿ ಹೀರುತ್ತದೆ. ಹೊರದ ಹಿಮೋಗ್ಲೋಬಿನ್ ಹೆಚ್ಚಾಗಿ ಹೀರುತ್ತದೆ. ಅವಕೆಂಪು ಕಿರಣಗಳಲ್ಲಿ ಇದು ತಿರುಗುಮುರುಗು. ಆದುದರಿಂದ ಸುಮಾರು ೬೬೦ ಮತ್ತು ೯೪೦ ನ್ಯಾನೋಮೀಟರ್ ತರಂಗಾಂತರದ ಎರಡು ಬೆಳಕುಗಳನ್ನು ಬೆರಳ ಮೂಲಕ ಹಾಯಿಸಿ, ಹೊರಬಂದದ್ದನ್ನು ಹೋಲಿಸುತ್ತಾರೆ. ಮೂಳೆ, ಮಾಂಸ, ಚರ್ಮಗಳು ಹೀರುವ ಬೆಳಕು ಸ್ಥಿರ; ಅಪಧಮನಿಯ ರಕ್ತ ಹೀರುವುದು ಮಾತ್ರ ನಾಡಿಯೊಡನೆ ಏರಿಳಿಯುತ್ತದೆ. ಏರಿಳಿತವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ಚರ್ಮದ ಬಣ್ಣ ತಾನಾಗಿ ಕಳೆದುಹೋಗಬೇಕು. ಇದು ತತ್ತ್ವ.

ವ್ಯವಹಾರದಲ್ಲಿ ಅದು ಪೂರ್ತಿ ಕಳೆದುಹೋಗುವುದಿಲ್ಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ವೈದ್ಯರು ೨೦೨೦ರ ಡಿಸೆಂಬರಿನಲ್ಲಿ ಒಂದು ಹೋಲಿಕೆಯನ್ನು ಪ್ರಕಟಿಸಿದರು. ಉಪಕರಣ ೯೨ರಿಂದ ೯೬ ಎಂದು ತೋರಿಸುತ್ತಿದ್ದ ಸಮಯದಲ್ಲಿಯೇ ಅಪಧಮನಿಯ ರಕ್ತವನ್ನು ತೆಗೆದು ಪರೀಕ್ಷಿಸಿದರೆ, ನಿಜವಾದ ಪ್ರಮಾಣ ೮೮ಕ್ಕಿಂತ ಕೆಳಗಿದ್ದ ಪ್ರಸಂಗಗಳು ಬಿಳಿಯರಲ್ಲಿ ನೂರಕ್ಕೆ ೩.೬, ಕಪ್ಪು ಜನಾಂಗದವರಲ್ಲಿ ೧೧.೭. ಎಂದರೆ, ಉಸಿರು ಸಾಲದೆ ಇರುವಾಗಲೂ “ಸಾಕಷ್ಟಿದೆ” ಎಂಬ ಉತ್ತರ ಕಪ್ಪು ಚರ್ಮದವರಿಗೆ ಸುಮಾರು ಮೂರು ಪಟ್ಟು ಹೆಚ್ಚಾಗಿ ಬರುತ್ತಿತ್ತು. ಈ ಉಪಕರಣಗಳ ಪರೀಕ್ಷೆಯ ಬಗೆಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ೨೦೧೩ರಲ್ಲಿ ಕೊಟ್ಟ ಸೂಚನೆಯನ್ನು ನೋಡಿದರೆ ದೋಷ ಹೇಗೆ ನುಸುಳಿರಬಹುದೆಂದು ತಿಳಿಯುತ್ತದೆ. ಕನಿಷ್ಠ ೧೦ ಮಂದಿಯ ಮೇಲೆ ಪರೀಕ್ಷೆ ನಡೆಸಿದರೆ ಸಾಕು. ಅವರಲ್ಲಿ ಕಡು ಬಣ್ಣದವರು ಇಬ್ಬರು, ಇಲ್ಲವೆ ನೂರಕ್ಕೆ ೧೫, ಯಾವುದು ಹೆಚ್ಚೋ ಅಷ್ಟು, ಇದ್ದರೆ ಆಯಿತು ಎಂದು ಅದು ಹೇಳಿತ್ತು.

ಇದರಲ್ಲಿ ಕೃತಕ ಬುದ್ಧಿಮತ್ತೆಯ ಮಾತು ಎಲ್ಲಿ ಬಂದಿತು ಎಂದು ಓದುಗರು ಕೇಳಬಹುದು. ಆಸ್ಪತ್ರೆಗಳಲ್ಲಿ ಇಂಥ ಉಪಕರಣಗಳು ಹೇಳಿದ ಸಂಖ್ಯೆಗಳೇ ದಾಖಲೆಗಳಾಗುತ್ತವೆ. ಆ ದಾಖಲೆಗಳೇ ಯಂತ್ರಕ್ಕೆ ಪಾಠವಾಗುತ್ತವೆ. ಉಪಕರಣದ ದೋಷ ದಾಖಲೆಗೆ ಇಳಿದು, ದಾಖಲೆಯಿಂದ ಯಂತ್ರಕ್ಕೆ ಸೇರಿದ ಮೇಲೆ ಅದನ್ನು ಹುಡುಕಿ ತೆಗೆಯುವುದು ಅತ್ಯಂತ ಕಷ್ಟ. ಅಮೆರಿಕದ ಸಂಖ್ಯೆಗಳನ್ನು ನಾವು ಹಾಗೆಯೇ ನಮ್ಮ ಜನರಿಗೆ ಅನ್ವಯಿಸಬಾರದು. ಆದರೆ ನಮ್ಮ ದೇಶದಲ್ಲಿ ಚರ್ಮದ ಬಣ್ಣ ಎಷ್ಟು ಬಗೆಯೆಂಬುದನ್ನು ಕಣ್ಣಿದ್ದವರೆಲ್ಲ ಬಲ್ಲರು. ಆದುದರಿಂದ ಉಪಕರಣದ ಸೊನ್ನೆ ಯಾರ ಬೆರಳಿನ ಮೇಲೆ ಹೊಂದಿಸಿದ್ದು ಎಂಬ ಪ್ರಶ್ನೆ ನಮಗೂ ಸೇರಿದ್ದು.

ಊರು ಬದಲಾದಾಗ

ದಾಖಲೆಗಳು ನಿರ್ದುಷ್ಟವಾಗಿದ್ದರೂ ತೊಂದರೆ ಮುಗಿಯುವುದಿಲ್ಲ. ಮೇಲೆ ಹೇಳಿದ ಅಕ್ಷಿಪಟಲದ ಕೆಲಸವನ್ನು ಮುಂದುವರಿಸಿ ಗೂಗಲ್‌ನವರು ಥಾಯ್ಲೆಂಡಿನ ೧೧ ಚಿಕಿತ್ಸಾಲಯಗಳಲ್ಲಿ ತಮ್ಮ ಸಾಧನವನ್ನು ಬಳಸಿ ನೋಡಿ, ಅಲ್ಲಿ ಕಂಡ ವಿಷಯಗಳನ್ನು ೨೦೨೦ರಲ್ಲಿ ಮುಚ್ಚುಮರೆಯಿಲ್ಲದೆ ಪ್ರಕಟಿಸಿದರು. ಮೊದಲ ಆರು ತಿಂಗಳಲ್ಲಿ ಸಾಧನಕ್ಕೆ ತೋರಿಸಿದ ೧,೮೩೮ ಚಿತ್ರಗಳಲ್ಲಿ ನೂರಕ್ಕೆ ೨೧ರಷ್ಟನ್ನು, ಚಿತ್ರ ಸ್ಪಷ್ಟವಾಗಿಲ್ಲವೆಂದು ಅದು ತಿರಸ್ಕರಿಸಿತ್ತು. ಅಕ್ಷಿಪಟಲದ ಚಿತ್ರಕ್ಕೆ ಕತ್ತಲೆ ಕೋಣೆ ಬೇಕು. ಆ ಚಿಕಿತ್ಸಾಲಯಗಳಲ್ಲಿ ಹೆಚ್ಚಿನವಕ್ಕೆ ಅಂಥ ಪ್ರತ್ಯೇಕ ಕೋಣೆಯೇ ಇರಲಿಲ್ಲ. ಚಿತ್ರ ತಿರಸ್ಕೃತವಾದ ರೋಗಿ ಬೇರೊಂದು ದಿನ ದೂರದ ತಜ್ಞರನ್ನು ಕಾಣಲು ಹೋಗಬೇಕಾಗುತ್ತಿತ್ತು. ದಿನದ ಕೂಲಿಯನ್ನು ಬಿಟ್ಟು ಬಂದವನಿಗೆ ಇದು ಸಣ್ಣ ಮಾತಲ್ಲ.

ಯಂತ್ರದ ನಿಖರತೆ ಅದರೊಳಗೆ ಮಾತ್ರ ಇರುವ ಗುಣವಲ್ಲ. ಯಂತ್ರ, ದಾದಿ, ಕೋಣೆ, ರೋಗಿ ಇವೆಲ್ಲ ಸೇರಿದ ವ್ಯವಸ್ಥೆಯ ಗುಣ. ಆದುದರಿಂದ ಒಂದು ಊರಿನಲ್ಲಿ ಗೆದ್ದ ಸಾಧನವನ್ನು ಇನ್ನೊಂದು ಊರಿನಲ್ಲಿ ಮತ್ತೆ ಪರೀಕ್ಷಿಸದೆ ಬಳಸುವುದು ತಪ್ಪು. ಔಷಧಗಳ ವಿಷಯದಲ್ಲಿ ಈ ಪಾಠವನ್ನು ನಾವು ಹಿಂದೆಯೇ ಕಲಿತಿದ್ದೇವೆ.

ಒಪ್ಪಿಗೆ ಯಾರದು?

ಇನ್ನು ಅಳೆಯುವ ಅಧಿಕಾರದ ವಿಷಯ. ಎರಡನೆಯ ಮಹಾಯುದ್ಧದಲ್ಲಿ ನಾಜಿ ವೈದ್ಯರು ಸೆರೆಯಾಳುಗಳ ಮೇಲೆ ನಡೆಸಿದ ಕ್ರೂರ ಪ್ರಯೋಗಗಳ ವಿಚಾರಣೆಯಿಂದ ೧೯೪೭ರಲ್ಲಿ ನ್ಯೂರೆಂಬರ್ಗ್ ಸಂಹಿತೆ ಹುಟ್ಟಿತು. ಮನುಷ್ಯನ ಮೇಲೆ ಪ್ರಯೋಗ ನಡೆಯಬೇಕಾದರೆ ಅವನ ಸ್ವಂತ ಒಪ್ಪಿಗೆ ಬೇಕೇ ಬೇಕು ಎಂಬುದು ಅದರ ಹತ್ತು ಸೂತ್ರಗಳಲ್ಲಿ ಮೊದಲನೆಯದು. ೧೯೬೪ರಲ್ಲಿ ವಿಶ್ವ ವೈದ್ಯಕೀಯ ಸಂಘ ಒಪ್ಪಿಕೊಂಡ ಹೆಲ್ಸಿಂಕಿ ಘೋಷಣೆ ಇದನ್ನು ವಿಸ್ತರಿಸಿತು. ಆದರೆ ಆ ಕಾಲದವರ ಮನಸ್ಸಿನಲ್ಲಿದ್ದದ್ದು ರೋಗಿಯ ದೇಹ. ಈಗ ಸಂಶೋಧನೆ ನಡೆಯುವುದು ಅನೇಕ ಸಲ ರೋಗಿಯ ದಾಖಲೆಗಳ ಮೇಲೆ. ಸೂಜಿ ಚುಚ್ಚುವುದಿಲ್ಲ, ಔಷಧ ಕುಡಿಸುವುದಿಲ್ಲ. ಹೆಸರನ್ನು ಅಳಿಸಿದ ಹಳೆಯ ಕಾಗದವನ್ನು ಓದಿದರೆ ಯಾರಿಗೇನು ನಷ್ಟ ಎಂದು ತೋರುತ್ತದೆ.

ಹೆಸರನ್ನು ಅಳಿಸಿದರೆ ಗುರುತು ಅಳಿಯುವುದೆಂಬುದು ಭ್ರಮೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸರ್ಕಾರಿ ನೌಕರರ ಆಸ್ಪತ್ರೆಯ ದಾಖಲೆಗಳನ್ನು ಹೆಸರು ತೆಗೆದು ಸಂಶೋಧನೆಗಾಗಿ ಕೊಡಲಾಗಿತ್ತು. ಲತಾನ್ಯಾ ಸ್ವೀನಿ ಎಂಬ ವಿದ್ಯಾರ್ಥಿನಿ ೧೯೯೭ರ ಸುಮಾರಿಗೆ ೨೦ ಡಾಲರು ಕೊಟ್ಟು ಕೇಂಬ್ರಿಜ್ ಊರಿನ ಮತದಾರರ ಪಟ್ಟಿಯನ್ನು ಕೊಂಡರು. ಹುಟ್ಟಿದ ದಿನ, ಹೆಣ್ಣೋ ಗಂಡೋ ಎಂಬುದು, ಅಂಚೆಯ ಸಂಖ್ಯೆ, ಈ ಮೂರು ಅಂಶಗಳು ಎರಡು ಕಡೆಯೂ ಇದ್ದವು. ರಾಜ್ಯಪಾಲ ವಿಲಿಯಂ ವೆಲ್ಡ್ ಅವರು ಹುಟ್ಟಿದ ದಿನದಂದೇ ಹುಟ್ಟಿದವರು ಆ ಪಟ್ಟಿಯಲ್ಲಿ ಆರು ಮಂದಿ. ಅವರಲ್ಲಿ ಗಂಡಸರು ಮೂವರು. ಅವರ ಅಂಚೆಯ ಸಂಖ್ಯೆಯಲ್ಲಿ ವಾಸಿಸುತ್ತಿದ್ದವರು ಅವರೊಬ್ಬರೇ. ಹೀಗೆ ರಾಜ್ಯಪಾಲರ ಕಾಯಿಲೆಯ ದಾಖಲೆಯೇ ಬಯಲಿಗೆ ಬಂದಿತು. ದಾಖಲೆಗಳನ್ನು ತಾಳೆಹಾಕುವುದರಲ್ಲಿ ಯಂತ್ರಗಳು ಈಗ ಅಂದಿಗಿಂತ ಎಷ್ಟೋ ಮುಂದುವರಿದಿವೆ.

ಒಳ್ಳೆಯ ಉದ್ದೇಶವೂ ಒಪ್ಪಿಗೆಗೆ ಬದಲಾಗಲಾರದು. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆ ೨೦೧೫ರಲ್ಲಿ ಡೀಪ್‌ಮೈಂಡ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು ಸುಮಾರು ೧೬ ಲಕ್ಷ ರೋಗಿಗಳ ದಾಖಲೆಗಳನ್ನು ಒದಗಿಸಿತು. ಮೂತ್ರಪಿಂಡಗಳು ಕೆಡುವ ಸೂಚನೆಯನ್ನು ವೈದ್ಯರಿಗೆ ಬೇಗನೆ ತಿಳಿಸುವ ಸಾಧನವೊಂದನ್ನು ಪರೀಕ್ಷಿಸುವುದು ಉದ್ದೇಶ. ಅದು ಪ್ರಾಣ ಉಳಿಸುವ ಕೆಲಸವೇ. ಆದರೂ, ತಮ್ಮ ದಾಖಲೆಗಳು ಹೀಗೆ ಬಳಕೆಯಾಗುತ್ತವೆಂದು ರೋಗಿಗಳಿಗೆ ಸರಿಯಾಗಿ ತಿಳಿಸಿರಲಿಲ್ಲವೆಂದೂ ಇದು ದತ್ತಾಂಶ ರಕ್ಷಣೆಯ ಕಾನೂನಿಗೆ ವಿರುದ್ಧವೆಂದೂ ೨೦೧೭ರ ಜುಲೈಯಲ್ಲಿ ಬ್ರಿಟನ್ನಿನ ಮಾಹಿತಿ ಆಯುಕ್ತರು ತೀರ್ಮಾನಿಸಿದರು.

ಪ್ರತಿಯೊಂದು ಹಳೆಯ ದಾಖಲೆಗೂ ಅದರ ಒಡೆಯನನ್ನು ಹುಡುಕಿ ಒಪ್ಪಿಗೆ ಪಡೆಯಬೇಕೆಂದರೆ ಎಷ್ಟೋ ಸಂಶೋಧನೆಗಳು ನಿಂತೇಹೋಗಬಹುದು. ಇದು ನಿಜವಾದ ತೊಡಕು. ಇದನ್ನು ಹಗುರವಾಗಿ ತಳ್ಳಿಹಾಕಬಾರದು. ಆದುದರಿಂದಲೇ ಇಂಥ ಸಂದರ್ಭಗಳಲ್ಲಿ ಸಂಶೋಧಕನು ತಾನೇ ತೀರ್ಮಾನಿಸದೆ, ಅವನ ಕೆಲಸದಲ್ಲಿ ಲಾಭವಿಲ್ಲದವರನ್ನು ಒಳಗೊಂಡ ನೈತಿಕ ಸಮಿತಿಯ ಮುಂದೆ ವಿಷಯವನ್ನಿಡಬೇಕೆಂಬ ಕಟ್ಟಳೆಯಿದೆ. ಆರೋಗ್ಯದ ದಾಖಲೆಗಳ ಸಂಗ್ರಹಗಳಿಗಾಗಿಯೇ ವಿಶ್ವ ವೈದ್ಯಕೀಯ ಸಂಘ ೨೦೧೬ರಲ್ಲಿ ತೈಪೆ ಘೋಷಣೆಯನ್ನು ಹೊರಡಿಸಿತು. ಜನರಿಗೆ ನಂಬಿಕೆ ತಪ್ಪಿದರೆ ಅವರು ವೈದ್ಯನಿಗೂ ನಿಜ ಹೇಳುವುದಿಲ್ಲ; 

ಆಗ ದಾಖಲೆಗಳೇ ಸುಳ್ಳಾಗುತ್ತವೆ. ಹೀಗೆ ಒಪ್ಪಿಗೆಯ ಪ್ರಶ್ನೆಯೂ ತಿರುಗಿ ಅಳತೆಯ ಪ್ರಶ್ನೆಗೇ ಬಂದು ಸೇರುತ್ತದೆ.

ಹೊಣೆ ಯಾರದು?

ಇಷ್ಟೆಲ್ಲ ಅಪಾಯವಿದ್ದರೆ ಈ ಸಾಧನವನ್ನು ದೂರವಿಡುವುದೇ ಲೇಸಲ್ಲವೆ ಎಂದರೆ, ಅಲ್ಲ. ಸಿಗಬಹುದಾದ ಸಹಾಯವನ್ನು ಹೆದರಿಕೆಯಿಂದ ಬಿಡುವುದೂ ರೋಗಿಗೆ ಮಾಡುವ ಅನ್ಯಾಯವೇ. ಸರಿಯಾದ ದಾರಿ ಯಾವುದೆಂಬುದನ್ನು ಸ್ವೀಡನ್ನಿನ ಒಂದು ಪರೀಕ್ಷೆ ತೋರಿಸುತ್ತದೆ. ಅಲ್ಲಿ ಸ್ತನದ ಕ್ಯಾನ್ಸರನ್ನು ಬೇಗನೆ ಕಂಡುಹಿಡಿಯಲು ತೆಗೆದ ಎಕ್ಸ್‌ರೇ ಚಿತ್ರಗಳನ್ನು ಇಬ್ಬರು ತಜ್ಞರು ನೋಡುವುದು ಪದ್ಧತಿ. ೨೦೨೧-೨೨ರಲ್ಲಿ ೮೦,೦೦೦ಕ್ಕೂ ಹೆಚ್ಚು ಮಹಿಳೆಯರನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹಳೆಯ ಪದ್ಧತಿ. ಇನ್ನೊಂದರಲ್ಲಿ ಯಂತ್ರ ಮೊದಲು ಚಿತ್ರವನ್ನು ನೋಡಿ, ಅಪಾಯ ಕಡಮೆಯೆನಿಸಿದ್ದನ್ನು ಒಬ್ಬ ತಜ್ಞರಿಗೂ ಹೆಚ್ಚೆನಿಸಿದ್ದನ್ನು ಇಬ್ಬರಿಗೂ ಕಳುಹಿಸುತ್ತಿತ್ತು. ೨೦೨೩ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹಳೆಯ ಪದ್ಧತಿಯಲ್ಲಿ ಸಾವಿರಕ್ಕೆ ೫.೧ ಕ್ಯಾನ್ಸರುಗಳು ಪತ್ತೆಯಾದರೆ ಯಂತ್ರದ ನೆರವಿರುವ ಗುಂಪಿನಲ್ಲಿ ೬.೧ ಪತ್ತೆಯಾದವು, ತಜ್ಞರು ಚಿತ್ರ ಓದುವ ಕೆಲಸ ನೂರಕ್ಕೆ ೪೪ರಷ್ಟು ಕಡಮೆಯಾಯಿತು. ಇಲ್ಲಿ ಎರಡು ವಿಷಯಗಳು ಗಮನಾರ್ಹ. ಯಂತ್ರವನ್ನು ಔಷಧದಂತೆಯೇ ಜನರ ನಡುವೆ, ಹೋಲಿಕೆಯ ಗುಂಪನ್ನಿಟ್ಟುಕೊಂಡು ಪರೀಕ್ಷಿಸಿದರು. ಮತ್ತು ಒಂದು ಚಿತ್ರವೂ ಮನುಷ್ಯನ ಕಣ್ಣಿಗೆ ಬೀಳದೆ ಹೋಗಲಿಲ್ಲ.

ಈ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ೨೦೨೧ರಲ್ಲಿ ಆರು ತತ್ತ್ವಗಳನ್ನು ಮುಂದಿಟ್ಟಿತು. ನಮ್ಮ ದೇಶದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ೨೦೨೩ರಲ್ಲಿ ತನ್ನದೇ ಮಾರ್ಗದರ್ಶಿ ಸೂತ್ರಗಳನ್ನು ಹೊರಡಿಸಿತು. ರೋಗಿಯ ಸ್ವಾತಂತ್ರ್ಯ, ಸುರಕ್ಷತೆ, ಗೋಪ್ಯತೆ, ಪಕ್ಷಪಾತವಿಲ್ಲದಿರುವುದು ಇವುಗಳ ಜೊತೆಗೆ ದತ್ತಾಂಶದ ಗುಣಮಟ್ಟವನ್ನೂ ಹೊಣೆಗಾರಿಕೆಯನ್ನೂ ಅದು ನೀತಿಯ ತತ್ತ್ವಗಳ ಸಾಲಿನಲ್ಲಿಯೇ ಸೇರಿಸಿದೆ. ಇದು ಉಚಿತವಾದದ್ದು. ಯಂತ್ರಕ್ಕೆ ಶಿಕ್ಷೆಯಿಲ್ಲ, ಪಶ್ಚಾತ್ತಾಪವಿಲ್ಲ. “ಯಂತ್ರ ಹೀಗೆ ಹೇಳಿತು” ಎಂಬುದು ರೋಗಿಯ ಮನೆಯವರಿಗೆ ಕೊಡಬಹುದಾದ ಉತ್ತರವಲ್ಲ. ಉತ್ತರ ಕೊಡಬೇಕಾದವನು ಅದನ್ನು ಕಟ್ಟಿದ, ಪರೀಕ್ಷಿಸಿದ, ಬಳಸಿದ ಮನುಷ್ಯ.

ಈ ಲೇಖನವನ್ನು ಓದುವ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ಇಂಥ ಯಂತ್ರಗಳಿಗೆ ಪಾಠ ಹೇಳುವವರಾಗಬಹುದು. ಕೆಲವರು ವೈದ್ಯರಾಗಿ ಅವನ್ನು ಬಳಸಬಹುದು. ರೋಗಿಗಳಾಗಿ ಅವುಗಳ ತೀರ್ಮಾನಕ್ಕೆ ಒಳಗಾಗುವ ಪ್ರಸಂಗ ಎಲ್ಲರಿಗೂ ಬರಬಹುದು. ಆಗ ನಾಲ್ಕು ಪ್ರಶ್ನೆಗಳನ್ನು ಕೇಳಲು ಮರೆಯಬಾರದು. ಇದು ಯಾರನ್ನು ಕಂಡು ಕಲಿಯಿತು, ಅವರಲ್ಲಿ ನಮ್ಮಂಥವರು ಇದ್ದರೆ? ಇದು ಊಹಿಸುವುದು ಕಾಯಿಲೆಯನ್ನೋ, ಕಾಯಿಲೆಯ ಬದಲಿಗೆ ಸುಲಭವಾಗಿ ಸಿಕ್ಕಿದ ಬೇರೊಂದನ್ನೋ? ಪಾಠವಾದ ದಾಖಲೆಗಳು ಯಾರ ಒಪ್ಪಿಗೆಯಿಂದ, ಯಾರ ಅನುಮತಿಯಿಂದ ಬಂದುವು? ತಪ್ಪಾದರೆ ಉತ್ತರ ಕೊಡುವವರು ಯಾರು? ಪ್ರಯೋಗದ ಪುಸ್ತಕದಲ್ಲಿ ಅಳತೆಗಳನ್ನು ಬರೆಯುವ ಮೊದಲು ಶೂನ್ಯದೋಷವನ್ನು ಬರೆಯಬೇಕೆಂದು ನಾವು ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ತಂತಿಯ ವ್ಯಾಸಕ್ಕೆ ಇಷ್ಟು ಎಚ್ಚರಿಕೆ ಬೇಕಾದರೆ, ಮನುಷ್ಯನ ಪ್ರಾಣಕ್ಕೆ ಎಷ್ಟು ಬೇಕೆಂಬುದನ್ನು ಓದುಗರೇ ಎಣಿಸಿಕೊಳ್ಳಬಹುದು.